ಎರೆಭೂಮಿಯ ನಾವಿಕ

ನಮ್ಮ ಅಣ್ಣಿಗೇರಿ ಸಮುದ್ರವನ್ನು ಕಾಣದ ಊರು. ಕಾರವಾರದ ದಂಡೆಗೆ ಇಲ್ಲಿಂದ ಸುಮಾರು 200 ಕಿಲೋಮೀಟರು. ಹುಬ್ಬಳ್ಳಿಗೂ ಗದಗಿಗೂ ನಡುವೆ ಎರೆಹೊಲಗಳಲ್ಲಿ ಕುಳಿತ ಈ ಊರಿನವರಿಗೆ ಜೋಳ ಗೊತ್ತು, ಹತ್ತಿ ಗೊತ್ತು, ಕಡಲೆ ಗೊತ್ತು, ಕಡಲು ಗೊತ್ತಿಲ್ಲ. ನಾನು ಹುಡುಗನಾಗಿದ್ದಾಗ ಹಡಗು ಎಂಬ ಮಾತನ್ನು ಮೊದಲು ಕೇಳಿದ್ದು ಸತ್ಯನಾರಾಯಣ ಪೂಜೆಯ ಕಥೆಯಲ್ಲಿ. ಸಾಧು ಎಂಬ ವೈಶ್ಯನ ಹಡಗಿನ ಸರಕೆಲ್ಲ ಬಳ್ಳಿ ಎಲೆಗಳಾದುವೆಂದು ಭಟ್ಟರು ಹೇಳಿದಾಗ, ಚಕ್ಕಡಿಗಿಂತ ಹಡಗು ಎಷ್ಟು ದೊಡ್ಡದಿರಬಹುದೆಂದು ನಾನು ಲೆಕ್ಕ ಹಾಕುತ್ತ ಕುಳಿತದ್ದು ನೆನಪಿದೆ. ಅಂಥ ಊರಿನಿಂದ ಹೋಗಿ, ಇಪ್ಪತ್ತು ವರ್ಷ ಭಾರತೀಯ ನೌಕಾಪಡೆಯ ಹಡಗುಗಳ ಯಂತ್ರಗಳನ್ನು ನಡೆಯಿಸಿ, ಮರಳಿ ಬಂದು ಇದೇ ಮಣ್ಣಿನಲ್ಲಿ ಸಂಸಾರ ಮಾಡಿದ ಒಬ್ಬರನ್ನು ನೆನೆಯುವುದು ಈ ಭಾಷಣದ ಉದ್ದೇಶ.

ಯೋಧನೆಂಬ ಮಾತು ಈ ಊರಿಗೆ ಹೊಸದಲ್ಲ. ಆದಿಕವಿ ಪಂಪನ ಹೆಸರನ್ನು ಅಣ್ಣಿಗೇರಿಯವರು ತಮ್ಮ ಮನೆಯ ಹೆಸರಿನಂತೆ ಹೇಳುತ್ತಾರೆ. ಅದಕ್ಕೆ ಆಧಾರವೂ ಉಂಟು. ತೆಲಂಗಾಣದ ಕರೀಂನಗರದ ಸೀಮೆಯಲ್ಲಿರುವ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ತೆಲುಗು, ಕನ್ನಡ ಈ ಮೂರು ಭಾಷೆಗಳಲ್ಲಿ ಒಂದು ಶಾಸನವನ್ನು ಬರೆಯಿಸಿದ್ದಾನೆ. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ. ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂಬ ವಿವರ ನಮಗೆ ತಿಳಿದದ್ದು ಆ ಬಂಡೆಯಿಂದ. ಪಂಪನು ವೇಮುಲವಾಡದ ಎರಡನೆಯ ಅರಿಕೇಸರಿಯ ಆಸ್ಥಾನದಲ್ಲಿ ಕವಿಯೂ ಹೌದು, ಕಲಿಯೂ ಹೌದು. 941ರ ಹೊತ್ತಿಗೆ ಆತನ ಎರಡು ಮಹಾಕಾವ್ಯಗಳೂ ಮುಗಿದಿದ್ದವು. ಲೋಕವೆಲ್ಲ ಬಲ್ಲ ಅಣ್ಣನ ಕುಲಗೋತ್ರಗಳನ್ನು ಕಲ್ಲಿಗೆ ಒಪ್ಪಿಸಿದವನು ತಮ್ಮ ಎಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು. ರಾಜನ ಶಾಸನದಲ್ಲಿ ಯೋಧನ ಗೆಲುವು ಉಳಿಯುತ್ತದೆ. ಅವನ ತಾಯಿ ಯಾರ ಮೊಮ್ಮಗಳೆಂಬುದನ್ನು ಉಳಿಸಬೇಕಾದರೆ ಮನೆಯವರೇ ಮನಸ್ಸು ಮಾಡಬೇಕು.

ಕಡಲು ಕೂಡ ಕನ್ನಡನಾಡಿನ ಚರಿತ್ರೆಗೆ ಹೊರಗಿನದಲ್ಲ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿಯು ನೂರಾರು ಹಡಗುಗಳಿಂದ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದನೆಂದು ಹೇಳುತ್ತಾನೆ. ಹಲಸಿಯ ಸೀಮೆಯನ್ನೂ ಗೋವೆಯ ದಂಡೆಯನ್ನೂ ಒಟ್ಟಿಗೆ ಆಳಿದ ಕದಂಬರು ಹಡಗುಪಡೆಗೆ ಹೆಸರಾದವರು. ಅವರ ಮನೆತನದ ಗುಹಲ್ಲದೇವನು ಸೋಮನಾಥದ ಯಾತ್ರೆಗೆ ಹೊರಟಾಗ ನಡುಗಡಲಿನಲ್ಲಿ ಕೂವೆಮರ ಮುರಿಯಿತೆಂದೂ, ಆಗ ನೆರವಾದ ಅರಬ ವರ್ತಕನ ವಂಶದವನಿಗೆ ಮುಂದೆ ಅದೇ ರಾಜ್ಯದಲ್ಲಿ ಅಧಿಕಾರ ದೊರೆಯಿತೆಂದೂ ತಾಮ್ರಶಾಸನಗಳಿಂದ ತಿಳಿಯುತ್ತದೆ. ಗೋವೆಯ ವಸ್ತುಸಂಗ್ರಹಾಲಯದಲ್ಲಿ ಹಡಗಿನ ಕಾಳಗವನ್ನು ಕೆತ್ತಿದ ವೀರಗಲ್ಲುಗಳಿವೆ. ಮುಂಬಯಿಯ ಬೋರಿವಲಿಯ ಎಕ್ಸರ್ ಎಂಬಲ್ಲಿ, ಶಿಲಾಹಾರರ ಕಾಲದವೆಂದು ವಿದ್ವಾಂಸರು ಹೇಳುವ ಕಲ್ಲುಗಳಲ್ಲಿ, ಸಾಲುಸಾಲಾಗಿ ಹುಟ್ಟು ಹಾಕುವವರನ್ನು ಕಾಣಬಹುದು. ಆ ಹುಟ್ಟು ಹಾಕುವವರ ಹೆಸರು ಮಾತ್ರ ಯಾವ ಕಲ್ಲಿನಲ್ಲಿಯೂ ಇಲ್ಲ. ನಾನು ಹೇಳಲಿರುವವರು ಆ ಸಾಲಿಗೆ ಸೇರಿದವರು.

ಅವರು ನಮ್ಮ ಓಣಿಯವರು. ಓಣಿಯ ಹುಡುಗರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಹೆಸರನ್ನು ಹೇಳುವುದಿಲ್ಲ, ತಮ್ಮ ಹೆಸರು ನಾಲ್ಕು ಜನರ ಮುಂದೆ ಬರುವುದು ಅವರಿಗೆ ಎಂದೂ ಸೇರುತ್ತಿರಲಿಲ್ಲ. 1944ರಲ್ಲಿ ಹುಟ್ಟಿದವರು. ತಂದೆ ಚಿಕ್ಕಂದಿನಲ್ಲಿಯೇ ತೀರಿಹೋದರು. ನಾಲ್ಕು ಎಕರೆ ಹೊಲ, ತಾಯಿ, ಇಬ್ಬರು ತಂಗಿಯರು. ಹುಬ್ಬಳ್ಳಿಯಲ್ಲಿ ಓದುತ್ತಿದ್ದಾಗ ನೌಕಾಪಡೆಯ ಶಿಕ್ಷಾರ್ಥಿಗಳ ಭರ್ತಿಯ ಜಾಹೀರಾತನ್ನು ನೋಡಿ 1961ರಲ್ಲಿ ಅರ್ಜಿ ಹಾಕಿದರು. ಕಡಲಿನ ಆಸೆಯಿಂದಲ್ಲ, ಊಟ, ಬಟ್ಟೆ, ಸಂಬಳದ ಜೊತೆಗೆ ಯಂತ್ರದ ಕೆಲಸವನ್ನೂ ಕಲಿಸುತ್ತಾರೆಂಬ ಕಾರಣದಿಂದ. ಲೋಣಾವಳದಲ್ಲಿ ‘ಶಿವಾಜಿ’ ಎಂಬ ಹೆಸರಿನ ನೌಕಾ ಯಂತ್ರವಿದ್ಯಾಶಾಲೆ 1945ರಿಂದ ನಡೆದುಬಂದಿದೆ. ಸಹ್ಯಾದ್ರಿಯ ಮೇಲಿರುವ ಆ ಶಾಲೆಯಿಂದ ಕೂಡ ಸಮುದ್ರ ಕಾಣುವುದಿಲ್ಲ. ಅಲ್ಲಿ ಅವರು ಅರ ಹಿಡಿದು ಕಬ್ಬಿಣ ತೀಡುವುದರಿಂದ ಆರಂಭಿಸಿ, ಬಾಯ್ಲರ್, ಟರ್ಬೈನ್, ಪಂಪುಗಳವರೆಗೆ ಕಲಿತು ಇಂಜಿನ್ ರೂಮಿನ ಆರ್ಟಿಫಿಸರ್ ಆದರು.

ನೌಕಾಪಡೆಯ ಅಂದಿನ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. 1950ರಲ್ಲಿ ದೇಶ ಗಣರಾಜ್ಯವಾದಾಗ ಪಡೆಯ ಹೆಸರಿನಿಂದ ‘ರಾಯಲ್’ ಎಂಬ ಮಾತು ಹೋಯಿತು. ಆದರೆ ಮುಖ್ಯಸ್ಥನ ಸ್ಥಾನಕ್ಕೆ ಭಾರತೀಯನೊಬ್ಬ ಬರಲು 1958ರವರೆಗೆ ಕಾಯಬೇಕಾಯಿತು. ಆ ವರ್ಷ ರಾಮದಾಸ್ ಕಟಾರಿ ಅಧಿಕಾರ ವಹಿಸಿಕೊಂಡರು. ಹಡಗುಗಳಲ್ಲಿ ಹೆಚ್ಚಿನವು ಬ್ರಿಟನ್ನಿನಲ್ಲಿ ಕಟ್ಟಿದವು, ಉಗಿಯಿಂದ ನಡೆಯುವಂಥವು. ಕಾಕಾ ಅವರ ಆಯುಷ್ಯದ ಮುಖ್ಯಭಾಗ ಕಳೆದದ್ದು ಅಂಥ ಒಂದು ಫ್ರಿಗೇಟಿನ ಬಾಯ್ಲರಿನ ಮುಂದೆ.

ಆ ಯಂತ್ರದ ವ್ಯವಸ್ಥೆಯನ್ನು ಅವರು ನಮಗೆ ಅಡಿಗೆಮನೆಯ ಮಾತಿನಲ್ಲಿ ವಿವರಿಸುತ್ತಿದ್ದರು. ಎಣ್ಣೆಯನ್ನು ಉರಿಸಿ ನೀರು ಕಾಯಿಸುವುದು. ಬಂದ ಉಗಿಯನ್ನು ಒತ್ತಡದಲ್ಲಿ ಟರ್ಬೈನಿನ ಅಲಗುಗಳ ಮೇಲೆ ಬಿಡುವುದು. ಅಲಗು ತಿರುಗಿದರೆ ಹಲ್ಲುಗಾಲಿ ತಿರುಗುತ್ತದೆ, ಹಲ್ಲುಗಾಲಿ ತಿರುಗಿದರೆ ಹಡಗಿನ ಹಿಂದಿನ ಪಂಖ ತಿರುಗುತ್ತದೆ. ಕೆಲಸ ಮುಗಿಸಿದ ಉಗಿಯನ್ನು ಸಮುದ್ರದ ತಣ್ಣೀರು ಹರಿಯುವ ಕೊಳವೆಗಳ ಮೇಲೆ ಹಾಯಿಸಿ ಮತ್ತೆ ನೀರು ಮಾಡಿ, ಅದೇ ನೀರನ್ನು ಬಾಯ್ಲರಿಗೆ ಕಳಿಸಬೇಕು. ಆ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಉಪ್ಪುನೀರು ಒಳಗೆ ಸೇರಿತೆಂದರೆ ಬಾಯ್ಲರು ಕೆಟ್ಟಿತು. ಸುತ್ತಲೂ ನೀರೇ ಇದ್ದರೂ ಹಡಗಿನಲ್ಲಿ ನೀರಿಗೆ ಬರ. ಸಮುದ್ರದ ನೀರನ್ನು ಬಟ್ಟಿ ಇಳಿಸಿದಾಗ ಅದರ ಮೊದಲ ಪಾಲು ಯಂತ್ರಕ್ಕೆ. “ಬಾಯ್ಲರಿಗೆ ಮದಲ ನೀರು, ಮನಶ್ಯಾಗ ಆಮ್ಯಾಲೆ. ಸ್ನಾನ ಅಂದ್ರ ಹಬ್ಬ ಇದ್ಧಂಗ” ಎನ್ನುತ್ತಿದ್ದರು. ಇಪ್ಪತ್ತು ವರ್ಷ ನೌಕಾಪಡೆಯಲ್ಲಿದ್ದವರನ್ನು ಸಮುದ್ರ ಹೇಗಿರುತ್ತದೆಂದು ಕೇಳಿದರೆ, “ನಾ ಸಮುದ್ರ ನೋಡಿದ್ದು ಕಡಿಮಿಯಪಾ. ಕೇಳಿದ್ದು ಹೆಚ್ಚು. ಕಬ್ಬಣದ ಗ್ವಾಡಿ ಆಚೀಕಡೆ ಅದು, ಈಚೀಕಡೆ ನಾ” ಎಂಬ ಉತ್ತರ ಬರುತ್ತಿತ್ತು.

1971ರ ಡಿಸೆಂಬರಿನಲ್ಲಿ ನನಗೆ ಹನ್ನೊಂದು ವರ್ಷ. ಕಾಕಾ ಅವರ ತಾಯಿಗೆ ಓದು ಬರುತ್ತಿರಲಿಲ್ಲ. ಹೆಂಡತಿ, ನಮ್ಮ ಕಾಕು, ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದರು. ಮುಂಬಯಿಯ ಫ್ಲೀಟ್ ಮೇಲ್ ಆಫೀಸಿನ ಮೂಲಕ ಬರುತ್ತಿದ್ದ ಪತ್ರಗಳನ್ನು ಮುದುಕಿಗೆ ಓದಿ ಹೇಳುವ ಕೆಲಸ ನನ್ನದು. ಆ ಪತ್ರಗಳಲ್ಲಿ ಹಡಗು ಎಲ್ಲಿದೆಯೆಂಬ ಮಾತೇ ಇರುತ್ತಿರಲಿಲ್ಲ. ನಾನು ಕ್ಷೇಮ, ಎಮ್ಮೆ ಈದಿತೇ, ತಂಗಿಯ ಮದುವೆಯ ಮಾತು ಎಲ್ಲಿಗೆ ಬಂತು, ಇಷ್ಟೇ. ನವೆಂಬರಿನ ಕೊನೆಯಲ್ಲಿ ಅವೂ ನಿಂತವು. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದ ಸುದ್ದಿ ಬಂತು. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ರೇಡಿಯೋ ಸುತ್ತ ಜನ ಸೇರುತ್ತಿದ್ದರು. ಮುದುಕಿ ಕಟ್ಟೆಯ ಕೆಳಗೆ ಸೆರಗು ಹೊದ್ದು ಕುಳಿತಿರುತ್ತಿದ್ದಳು. ವಾರ್ತೆ ಮುಗಿದ ಮೇಲೆ ನನ್ನನ್ನು ಕರೆದು, “ಹಡಗದ ಮಾತ ಬಂತೇನೋ ತಮ್ಮಾ?” ಎಂದು ಕೇಳುವಳು. ಒಂದು ರಾತ್ರಿ ಬಂತು. ಕರಾಚಿ ಬಂದರದ ಮೇಲೆ ನಮ್ಮ ನೌಕಾಪಡೆ ದಾಳಿ ಮಾಡಿತೆಂಬ ಸುದ್ದಿ ಅದು.

ಆ ದಾಳಿಯ ವಿವರಗಳು ನಮಗೆ ತಿಳಿದದ್ದು ವರ್ಷಗಳ ಮೇಲೆ. ಅದನ್ನು ಮೊದಲು ಯಂತ್ರದ ಕಥೆಯಾಗಿ ನೋಡಬೇಕು. ಸೋವಿಯತ್ ದೇಶದಿಂದ ಕೊಂಡ ಎಂಟು ಕ್ಷಿಪಣಿ ದೋಣಿಗಳು 1971ರ ಆರಂಭದಲ್ಲಿ ನಮಗೆ ಬಂದವು. ಒಂದೊಂದೂ ಸುಮಾರು 200 ಟನ್ ತೂಕದ್ದು. ಅವನ್ನು ಎತ್ತಿ ಇಳಿಸುವಂಥ ಕ್ರೇನು ಮುಂಬಯಿಯಲ್ಲಿ ಇಲ್ಲದ್ದರಿಂದ ಕಲಕತ್ತೆಯಲ್ಲಿ ಇಳಿಸಿ, ಅಲ್ಲಿಂದ ಪರ್ಯಾಯದ್ವೀಪವನ್ನು ಸುತ್ತಿಸಿ ಮುಂಬಯಿಗೆ ಎಳೆದು ತಂದರು. ಮೂರು ಡೀಸೆಲ್ ಇಂಜಿನುಗಳು. ಒಂದೊಂದರಲ್ಲಿ 42 ಸಿಲಿಂಡರುಗಳು, ಸುಮಾರು 4000 ಅಶ್ವಶಕ್ತಿ. ನಾಲ್ಕು ಕ್ಷಿಪಣಿಗಳು. ತಮ್ಮ ದಂಡೆಯನ್ನು ತಾವು ಕಾಯಲೆಂದು ಸೋವಿಯತ್ತರು ಮಾಡಿದ ದೋಣಿಗಳಿವು. ವೇಗ ಬಹಳ, ದೂರ ಹೋಗುವ ಶಕ್ತಿ ಕಡಿಮೆ. ಶತ್ರುವಿನ ಬಾಗಿಲಿಗೆ ಹೋಗಿ ಹೊಡೆದು ಬರಲು ಅವು ಹುಟ್ಟಿದವಲ್ಲ. ದೊಡ್ಡ ಹಡಗಿಗೆ ಕಟ್ಟಿ ಎಳೆದೊಯ್ದರೆ ಇಂಧನ ಉಳಿಯುವುದಲ್ಲವೆ ಎಂಬ ಉಪಾಯವನ್ನು ನಮ್ಮವರು ಆಲೋಚಿಸಿ ಅಭ್ಯಾಸ ಮಾಡಿದರು. ಸೋವಿಯತ್ ದೇಶದಲ್ಲಿ ತರಬೇತಿ ಪಡೆದ ನಾವಿಕರು ರಷ್ಯನ್ ಭಾಷೆ ಕಲಿತಿದ್ದರು. ಕಾರ್ಯಾಚರಣೆಯ ವೇಳೆ ರೇಡಿಯೋದಲ್ಲಿ ಆ ಭಾಷೆಯನ್ನೇ ಬಳಸಿ ಕೇಳುವ ಕಿವಿಗಳನ್ನು ಮೋಸಗೊಳಿಸಿದರು. ಆಗಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಎಸ್. ಎಂ. ನಂದಾ ಅವರು ಬಾಲ್ಯವನ್ನು ಕರಾಚಿಯಲ್ಲಿಯೇ ಕಳೆದವರು. ಆ ಬಂದರು ಅವರಿಗೆ ನಮ್ಮ ಹುಡುಗರಿಗೆ ಅಮೃತೇಶ್ವರನ ಗುಡಿಯಂಗಳವಿದ್ದಂತೆ.

ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು. ಅವುಗಳ ಜೊತೆಗೆ ಕಿಲ್ಟನ್, ಕಚ್ಚಲ್ ಎಂಬ ಎರಡು ಜಲಾಂತರ್ಗಾಮಿ ನಿರೋಧಕ ಹಡಗುಗಳು. ಡಿಸೆಂಬರ್ 4ರ ಹಗಲೆಲ್ಲ ಈ ಗುಂಪು ಕರಾಚಿಯಿಂದ ಸುಮಾರು 250 ನಾವಿಕ ಮೈಲಿ ದಕ್ಷಿಣಕ್ಕೆ, ಶತ್ರುವಿಮಾನಗಳ ಕಣ್ಣಿಗೆ ಬೀಳದೆ ಕಾಯ್ದಿತು. ಕತ್ತಲಾದ ಮೇಲೆ ಮುಂದುವರಿಯಿತು. ನಿರ್ಘಾತ್ ಬಿಟ್ಟ ಎರಡು ಕ್ಷಿಪಣಿಗಳಿಂದ ಖೈಬರ್ ಎಂಬ ವಿಧ್ವಂಸಕ ನೌಕೆ ಮುಳುಗಿತು. ವೀರ್ ದೋಣಿಯಿಂದ ಮುಹಾಫಿಜ್ ಎಂಬ ಸುರಂಗನಾಶಕ ನೌಕೆ. ನಿಪಾತ್ ದೋಣಿಯಿಂದ ವೀನಸ್ ಚಾಲೆಂಜರ್ ಎಂಬ ಸರಕಿನ ಹಡಗು. ಕೆಮಾರಿಯ ಎಣ್ಣೆಯ ತೊಟ್ಟಿಗಳು ಹೊತ್ತಿ ಉರಿದವು. ನಮ್ಮ ಕಡೆ ಒಂದು ದೋಣಿಯೂ ಹೋಗಲಿಲ್ಲ. ‘ಟ್ರೈಡೆಂಟ್’ ಎಂದರೆ ತ್ರಿಶೂಲವೆಂಬ ಹೆಸರಿನ ಈ ಕಾರ್ಯಾಚರಣೆಯ ನೆನಪಿಗಾಗಿಯೇ ಡಿಸೆಂಬರ್ 4 ನೌಕಾಪಡೆಯ ದಿನವಾಗಿದೆ.

ಈ ದಾಳಿಗಾಗಿ ಇಬ್ಬರಿಗೆ ಮಹಾವೀರ ಚಕ್ರ ಬಂತು. ಒಬ್ಬರು ಕ್ಷಿಪಣಿ ದೋಣಿಗಳ ದಳದ ಕಮಾಂಡರ್ ಬಬ್ರುಭಾನ್ ಯಾದವ್. ಇನ್ನೊಬ್ಬರು ಕಿಲ್ಟನ್ ಹಡಗಿನ ಕಮಾಂಡರ್ ಕಾಸರಗೋಡು ಪಟ್ನಶೆಟ್ಟಿ ಗೋಪಾಲರಾವ್. ಮೂರು ದೋಣಿಗಳ ಅಧಿಕಾರಿಗಳಾದ ಕವೀನಾ, ಶರ್ಮಾ, ಮೆಹ್ತಾ ಅವರಿಗೂ, ನಿರ್ಘಾತ್ ದೋಣಿಯ ಮಾಸ್ಟರ್ ಚೀಫ್ ಎಂ. ಎನ್. ಸಂಗಲ್ ಅವರಿಗೂ ವೀರ ಚಕ್ರ ದೊರೆಯಿತು. ಅಧಿಕಾರಿಗಳ ಪಟ್ಟಿಯಲ್ಲಿ ಆ ಒಬ್ಬ ಮಾಸ್ಟರ್ ಚೀಫ್ ಹೆಸರನ್ನು ಕಾಕಾ ಬೆರಳಿಟ್ಟು ತೋರಿಸುತ್ತಿದ್ದರು. ಅದು ತಮ್ಮ ಜಾತಿಯವನ ಹೆಸರು ಎಂಬಂತೆ.

ಗೋಪಾಲರಾವ್ ಅವರ ಹೆಸರಿನ ಬಗ್ಗೆ ಕನ್ನಡದ ವಿದ್ಯಾರ್ಥಿಯಾಗಿ ಒಂದು ಮಾತು ಹೇಳಬೇಕೆನ್ನಿಸುತ್ತದೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು, ಅಂದು ಕೇರಳಕ್ಕೆ ಸೇರಿತು. ಆ ಅಗಲಿಕೆಯ ನೋವು ಕನ್ನಡಿಗರ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಗಡಿಗೆರೆ ಎಲ್ಲಿಗೆ ಸರಿದರೂ, ಮನುಷ್ಯ ಎಲ್ಲಿ ನೆಲೆಸಿದರೂ, ಊರು ಹೆಸರಿನಲ್ಲಿ ಉಳಿಯುತ್ತದೆ. ಇನ್ನು ‘ಪಟ್ಟಣಶೆಟ್ಟಿ’ ಎಂಬುದು ನಮ್ಮ ಶಾಸನಗಳಲ್ಲಿ ಪದೇ ಪದೇ ಬರುವ ಮಾತು. ಪಟ್ಟಣಸ್ವಾಮಿ, ಪಟ್ಟಣಶೆಟ್ಟಿ ಎಂದರೆ ಪೇಟೆಯ ಊರಿನ ವರ್ತಕರ ಮುಖ್ಯಸ್ಥ. 1062ರಲ್ಲಿ ಹುಂಚದ ಪಟ್ಟಣಸ್ವಾಮಿ ನೊಕ್ಕಯ್ಯಶೆಟ್ಟಿಯು ಕಟ್ಟಿಸಿದ ಬಸದಿ ಪ್ರಸಿದ್ಧವಾದುದು. ನಮ್ಮ ಧಾರವಾಡದ ಸೀಮೆಯಲ್ಲಿ ಪಟ್ಟಣಶೆಟ್ಟಿ ಎಂಬ ಅಡ್ಡಹೆಸರಿನವರು ಈಗಲೂ ಬೇಕಾದಷ್ಟು ಜನ. ಆದ್ದರಿಂದ ಆ ಹೆಸರು ಪತ್ರಿಕೆಯಲ್ಲಿ ಬಂದಾಗ ನಮ್ಮ ಓಣಿಯಲ್ಲಿ, “ಪಟ್ಟಣಶೆಟ್ಟರಂತ! ಯಾವೂರವರಂತ?” ಎಂದು ದೊಡ್ಡ ಚರ್ಚೆಯಾಯಿತು. ಒಂದು ಹಳೆಯ ವರ್ತಕ ಬಿರುದು ಯುದ್ಧನೌಕೆಯ ಮೇಲೆ ನಿಂತು ಕರಾಚಿಯವರೆಗೆ ಹೋಯಿತಲ್ಲ ಎಂದು ನನಗೆ ಆಮೇಲೆ ಅನೇಕ ಸಲ ಅನ್ನಿಸಿದೆ.

ಇಷ್ಟಾದರೆ ಗೆಲುವಿನ ಕಥೆ ಮುಗಿಯಬೇಕಿತ್ತು. ಕಾಕಾ ಅವರಿಗೆ ಮುಗಿಯಲಿಲ್ಲ.

ಅವರ ಹಡಗು ಪಶ್ಚಿಮದ ನೌಕಾದಳದಲ್ಲಿಯೇ ಇತ್ತು; ಕರಾಚಿಯ ಹತ್ತಿರ ಹೋಗಲಿಲ್ಲ. “ನಾವು ಎಲ್ಲಿದ್ದಿವಿ ಅನ್ನೂದು ನಮಗಽ ಗೊತ್ತಿರಲಿಲ್ಲ. ಮ್ಯಾಲಿಂದ ಗಂಟಿ ಹೊಡೀತು ಅಂದ್ರ ವೇಗ ಹೆಚ್ಚು ಮಾಡೂದು, ಹೊಡೀತು ಅಂದ್ರ ಕಡಿಮಿ ಮಾಡೂದು” ಎನ್ನುತ್ತಿದ್ದರು. ಡಿಸೆಂಬರ್ 9ರ ರಾತ್ರಿ ದಿಯುವಿನಿಂದ ಸುಮಾರು 40 ನಾವಿಕ ಮೈಲಿ ದೂರದಲ್ಲಿ ನಮ್ಮ ಖುಕ್ರಿ ಎಂಬ ಫ್ರಿಗೇಟನ್ನು ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿಯ ಟಾರ್ಪೆಡೋ ಹೊಡೆಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಹಡಗನ್ನು ಬಿಟ್ಟುಬರದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಹೆಸರು ಎಲ್ಲರಿಗೂ ಗೊತ್ತು. ಮರಣೋತ್ತರವಾಗಿ ಅವರಿಗೂ ಮಹಾವೀರ ಚಕ್ರ ಬಂತು. ಕೆಳಗಿನ ಅಂತಸ್ತಿನಲ್ಲಿ ಬಾಯ್ಲರಿನ ಮುಂದಿದ್ದವರಲ್ಲಿ ಲೋಣಾವಳದಲ್ಲಿ ಕಾಕಾ ಅವರ ಜೊತೆ ಒಂದೇ ಬೆಂಚಿನಲ್ಲಿ ಅರ ತೀಡಿದ ಒಬ್ಬ ಗೆಳೆಯನಿದ್ದ. ಅವನ ಮಾತನ್ನು ಕಾಕಾ ನಮ್ಮ ಮುಂದೆ ಎತ್ತಿದ್ದು ಒಂದೇ ಸಲ.

ಆ ಸಂದರ್ಭವನ್ನು ಹೇಳಬೇಕು. ಟ್ರೈಡೆಂಟಿನ ವಿವರಗಳು ಪುಸ್ತಕಗಳಲ್ಲಿ ಬಂದ ಮೇಲೆ ನಾನು ಅವನ್ನು ಉತ್ಸಾಹದಿಂದ ಅವರಿಗೆ ಓದಿ ಹೇಳುತ್ತಿದ್ದೆ. ಖೈಬರ್ ನೌಕೆಗೆ ಬಿದ್ದ ಮೊದಲ ಕ್ಷಿಪಣಿಯಿಂದ ಅದರ ಒಂದನೆಯ ಬಾಯ್ಲರ್ ಕೋಣೆ ಹೋಯಿತು, ಎರಡನೆಯದರಿಂದ ಎರಡನೆಯ ಬಾಯ್ಲರ್ ಕೋಣೆ. ಅದರಲ್ಲಿ 222 ಜನ ಸತ್ತರು ಎಂದು ಓದಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಹಡಗೂ ಬಿಲಾಯತಿಯೊಳಗಽ ಕಟ್ಟಿದ್ದು. ನಮ್ಮ ಬಾಯ್ಲರ ಹೆಂಗಿತ್ತೋ ಅವರದೂ ಹಂಗಽ. ಅಲ್ಲಿ ನಿಂತಾವರೂ ನನ್ನಂಥಾವರಽ” ಎಂದರು. ಮುಂದುವರಿದು, ತಮ್ಮ ಗೆಳೆಯ ಖುಕ್ರಿಯಲ್ಲಿದ್ದ ಮಾತನ್ನು ಹೇಳಿದರು. ನಾನು ಕಾಲೇಜಿನಲ್ಲಿ ಪಂಪನ ಯುದ್ಧವರ್ಣನೆಗಳನ್ನು ಪಾಠ ಹೇಳುವ ಮೇಷ್ಟ್ರು. ಕುರುಕ್ಷೇತ್ರದ ಕೊನೆಗೆ ಗೆದ್ದವರ ಮನೆಯಲ್ಲಿಯೂ ಸಂತೋಷವಿರಲಿಲ್ಲವೆಂದು ಎಷ್ಟೋ ಸಲ ಹುಡುಗರಿಗೆ ಹೇಳಿದವನು. ಆ ಸಂಜೆ ಪುಸ್ತಕವನ್ನು ಮುಚ್ಚಿ ಮನೆಗೆ ಬಂದೆ. ಮತ್ತೆ ಅಂಥ ವಿವರಗಳನ್ನು ಅವರಿಗೆ ಓದಿ ಹೇಳಲಿಲ್ಲ.

1981ರಲ್ಲಿ ಅವರು ಊರಿಗೆ ಮರಳಿದರು. ಕಂಪನಿಗಳಲ್ಲಿ, ವ್ಯಾಪಾರೀ ಹಡಗುಗಳಲ್ಲಿ ಅವರಂಥವರಿಗೆ ಒಳ್ಳೆಯ ಸಂಬಳ ಸಿಗುವ ಕಾಲ ಅದು. ತಾಯಿಗೆ ಕಣ್ಣು ಕಾಣದಂತಾಗಿತ್ತು, ಮೂವರು ಹೆಣ್ಣುಮಕ್ಕಳು ಬೆಳೆಯುತ್ತಿದ್ದರು. ಅವರು ಹಡಗನ್ನು ಬಿಟ್ಟು ನಿಲ್ದಾಣದ ಹಾದಿಯಲ್ಲಿ ಒಂದು ಸಣ್ಣ ವರ್ಕ್‌ಶಾಪು ಇಟ್ಟರು. ಡೀಸೆಲ್ ಪಂಪು, ಹಿಟ್ಟಿನ ಗಿರಣಿ, ಟ್ರ್ಯಾಕ್ಟರು, ಯಾವುದು ಕೆಟ್ಟರೂ ಅಲ್ಲಿಗೆ ಬರುತ್ತಿತ್ತು. ನಮ್ಮ ಭಾಗದ ಬಾವಿಗಳ ನೀರು ಸವಳು. ಇಂಜಿನಿಗೆ ಆ ನೀರು ಹಾಕಿದ ರೈತನನ್ನು ಅವರು ಬಯ್ಯುತ್ತಿದ್ದ ರೀತಿಯನ್ನು ಕೇಳಿದವರು, ಸವಳು ನೀರು ಇವರಿಗೆ ಯಾವ ಜನ್ಮದ ವೈರಿ ಎಂದುಕೊಳ್ಳುತ್ತಿದ್ದರು. ವೈರ ಯಾವುದೆಂದು ನನಗೆ ಗೊತ್ತಿತ್ತು.

ಮನೆಯಲ್ಲಿ ಮಾತ್ರ ಅವರು ಮೊದಲಿನಿಂದ ಕಲಿಯಬೇಕಾಯಿತು. ವರ್ಷಕ್ಕೊಮ್ಮೆ ಪೆಟ್ಟಿಗೆ ಹೊತ್ತು ಬರುತ್ತಿದ್ದ ಈ ಮನುಷ್ಯ ಇನ್ನು ಹೋಗುವುದಿಲ್ಲವೆಂಬುದನ್ನು ನಂಬಲು ಹೆಣ್ಣುಮಕ್ಕಳಿಗೆ ಬಹಳ ದಿನ ಹಿಡಿಯಿತು. ಕಿರಿಯವಳು ಅವರನ್ನು ಕಂಡರೆ ಕದದ ಹಿಂದೆ ಅಡಗುತ್ತಿದ್ದಳು. ಮನೆಯನ್ನು ಹಡಗಿನ ಶಿಸ್ತಿನಲ್ಲಿ ನಡೆಸಹೋಗಿ ಅವರು ಮೊದಲ ತಿಂಗಳಲ್ಲಿಯೇ ಕಾಕು ಅವರಿಂದ ಸೋತರು. “ಹಡಗ ನಡಸೂದು ದೊಡ್ಡ ಮಾತಲ್ಲರೀ. ಹತ್ತು ವರ್ಷ ಈ ಮನಿ ನಡಿಸೇನಿ, ನೀವು ಒಂದ ದಿನಾ ನಡಿಸಿ ನೋಡ್ರಿ” ಎಂದು ಆಕೆ ಅಂದದ್ದನ್ನು ಕಾಕಾ ತಾವೇ ನಗುತ್ತ ಹೇಳುತ್ತಿದ್ದರು. ಅವರು ಒಂದು ದಿನ ನಡೆಸಿ ನೋಡಿದರಂತೆ. ಮಾರನೆಯ ದಿನದಿಂದ ನೀರು ತುಂಬುವುದು, ಒಲೆಗೆ ಕಟ್ಟಿಗೆ ಒಡೆದುಕೊಡುವುದು, ಮಕ್ಕಳನ್ನು ಗಣಿತಕ್ಕೆ ಕೂರಿಸುವುದು ತಮ್ಮ ಪಾಳಿಯೆಂದು ಒಪ್ಪಿಕೊಂಡರು. ತಾಯಿಯನ್ನು ಕೊನೆಯ ಆರು ವರ್ಷ ಕೂಸಿನಂತೆ ನೋಡಿಕೊಂಡರು. ಮೂವರು ಹೆಣ್ಣುಮಕ್ಕಳೂ ಪದವಿಯವರೆಗೆ ಓದಿದರು. ಹೆಣ್ಣುಮಕ್ಕಳನ್ನು ಇಷ್ಟು ಓದಿಸಿ ಏನು ಮಾಡುತ್ತೀರಿ ಎಂದು ಕೇಳಿದ ಹಿರಿಯರೊಬ್ಬರಿಗೆ, “ಮಶೀನ ಅಂದ್ರ ಪೂರಾ ಬಿಚ್ಚಿ ನೋಡಬೇಕ್ರಿ. ಅರ್ಧಾ ಬಿಚ್ಚಿ ಇಟ್ರ ಕೆಡತೈತಿ” ಎಂದು ಉತ್ತರ ಕೊಟ್ಟರು. ಹೋಲಿಕೆ ಸರಿಯೋ ತಪ್ಪೋ, ಮಾತು ನಡೆಯಿತು.

ಕಾರವಾರದಲ್ಲಿ ನೌಕಾನೆಲೆಯ ಅಡಿಗಲ್ಲನ್ನು 1986ರಲ್ಲಿ ಇಟ್ಟರು. 2005ರಲ್ಲಿ ಆ ನೆಲೆಗೆ ‘ಕದಂಬ’ ಎಂಬ ಹೆಸರು ಬಂತು. ಮರುವರ್ಷ ಅಲ್ಲಿಯ ದಂಡೆಯ ಮೇಲೆ ‘ಚಪಲ್’ ಎಂಬ ನಿವೃತ್ತ ಕ್ಷಿಪಣಿ ದೋಣಿಯನ್ನು ವಸ್ತುಸಂಗ್ರಹಾಲಯವಾಗಿ ತೆರೆದರು. ಅದು 1976ರಲ್ಲಿ ಪಡೆಗೆ ಸೇರಿದ್ದು, ಕರಾಚಿಗೆ ಹೋದ ದೋಣಿಗಳ ತಂಗಿ ಎನ್ನಬಹುದು. ಕಾಕಾ ಮೊಮ್ಮಕ್ಕಳನ್ನು ಕರೆದುಕೊಂಡು ಹೊರಟಾಗ ನಾನೂ ಹೋದೆ. ಮಕ್ಕಳು ಕ್ಷಿಪಣಿಯ ಕಡೆಗೆ ಓಡಿದರು. ಅವರು ಕೆಳಗಿಳಿದು ಯಂತ್ರದ ಭಾಗವನ್ನು ನೋಡಿ, ಒಂದು ಕೊಳವೆಯ ಮೇಲೆ ಕೈಯಿಟ್ಟು ನಿಂತರು. ಎಷ್ಟು ಹೊತ್ತಾದರೂ ಬಾರದ್ದನ್ನು ಕಂಡು ಕಿರಿಯ ಮೊಮ್ಮಗ ಇಳಿದು ಬಂದು, “ಅಜ್ಜಾ, ಮ್ಯಾಲೆ ಬಾ, ಸಮುದ್ರ ಕಾಣತೈತಿ” ಎಂದು ಕೈ ಹಿಡಿದು ಎಳೆದ. ಅವರು ಮೇಲೆ ಬಂದರು. ಗೋವೆಯ ಕದಂಬರ ಹಡಗುಗಳು ಓಡಾಡಿದ ಆ ನೀರನ್ನು ಮಕ್ಕಳ ಜೊತೆ ಕುಳಿತು ಸಂಜೆಯವರೆಗೆ ನೋಡಿದರು.

2021ರ ಆಗಸ್ಟ್ 9ರಂದು ಕಮೋಡೋರ್ ಗೋಪಾಲರಾವ್ ಅವರು ಚೆನ್ನೈಯಲ್ಲಿ ತೀರಿಕೊಂಡರು. 1926ರಲ್ಲಿ ಹುಟ್ಟಿದವರು, 94 ವರ್ಷಗಳ ತುಂಬು ಬಾಳು. ಪತ್ರಿಕೆಗಳು ಬರೆದವು, ನೌಕಾಪಡೆ ಗೌರವ ಸಲ್ಲಿಸಿತು, ಸಲ್ಲಿಸಬೇಕಾದದ್ದೇ. ಆ ಸುದ್ದಿಯನ್ನು ಕಾಕಾ ಅವರಿಗೆ ಓದಿ ಹೇಳಿದವನು ನಾನೇ. ಹಾಸಿಗೆಯಲ್ಲಿ ಎದ್ದು ಕುಳಿತು, ಕೈ ಮುಗಿದರು. ಅದೇ ವರ್ಷ ದೀಪಾವಳಿಯ ಮುಂಚೆ ಅವರೂ ಹೋದರು. ಊರಿನ ಹತ್ತಿಪ್ಪತ್ತು ಜನ, ಅವರು ರಿಪೇರಿ ಮಾಡಿದ ಒಂದು ಟ್ರ್ಯಾಕ್ಟರು, ಇಷ್ಟೇ ಮೆರವಣಿಗೆ.

ನಮ್ಮ ನಾಡಿನ ವೀರಗಲ್ಲುಗಳನ್ನು ನೀವು ನೋಡಿದ್ದೀರಿ. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲಿನದರಲ್ಲಿ ಲಿಂಗದ ಮುಂದೆ ಕುಳಿತ ವೀರ. ಸತ್ತವನ ಕಥೆಯನ್ನು ಮೂರು ಪಟ್ಟಿಗಳಲ್ಲಿ ಹೇಳುವ ಈ ಕ್ರಮ ಅತ್ಯಂತ ಅಚ್ಚುಕಟ್ಟಾದುದು. ಆದರೆ ಕಾಳಗದಿಂದ ಬದುಕಿ ಮನೆಗೆ ಬಂದವನಿಗೆ ಆ ಕಲ್ಲಿನಲ್ಲಿ ಸ್ಥಳವಿಲ್ಲ. ಅವನು ತಾಯಿಯ ಕಣ್ಣಾದದ್ದು, ಹೆದರಿದ ಮಗಳನ್ನು ಕದದ ಹಿಂದಿನಿಂದ ಹೊರಗೆ ಕರೆದದ್ದು, ನಲವತ್ತು ವರ್ಷ ಪರರ ಪಂಪುಗಳನ್ನು ಸರಿಮಾಡಿದ್ದು ಇವನ್ನೆಲ್ಲ ಕೆತ್ತಲು ನಮ್ಮ ಶಿಲ್ಪಿಗಳಿಗೆ ನಾಲ್ಕನೆಯ ಪಟ್ಟಿ ಇರಲಿಲ್ಲ.

ಹದಿನಾಲ್ಕನೆಯ ದಿನ ಅವರ ಹಿರಿಯ ಮಗಳು ನನ್ನನ್ನು ಕರೆದು ಒಂದು ಕಟ್ಟು ನೋಟುಬುಕ್ಕುಗಳನ್ನು ಮುಂದಿಟ್ಟಳು. ಇಂಜಿನ್ ರೂಮಿನಲ್ಲಿ ಗಂಟೆಗೊಮ್ಮೆ ಒತ್ತಡ, ಉಷ್ಣಾಂಶಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯುವ ಕ್ರಮವಿದೆ. ಆ ರೂಢಿಯನ್ನು ಅವರು ಮನೆಗೂ ತಂದಿದ್ದರು. ಇಂಥ ದಿನ ಪಂಪಿಗೆ ಎಣ್ಣೆ, ಇಂಥ ದಿನ ಎರಡನೆಯ ಮಗಳ ಪರೀಕ್ಷೆಯ ಫೀ, ಅವ್ವನಿಗೆ ಜ್ವರ, ನೂರಾ ಒಂದು, ಮಳೆ ಬಂತು, ಎರಡು ಗಂಟೆ, ಹೆಂಡತಿಯ ರಕ್ತದೊತ್ತಡ, ಮೊಮ್ಮಗ ಹುಟ್ಟಿದ ಗಂಟೆ, ನಿಮಿಷ. ಪ್ರತಿ ವರ್ಷ ಡಿಸೆಂಬರ್ 4ರ ಸ್ಥಳದಲ್ಲಿ ಎಂದಿನ ಲೆಕ್ಕವೇ ಇತ್ತು. ಡಿಸೆಂಬರ್ 9ರ ಸ್ಥಳದಲ್ಲಿ, ನಲವತ್ತು ವರ್ಷವೂ ತಪ್ಪದೆ, ‘ಒಂದು ಹೊತ್ತು ಊಟ’ ಎಂದು ಮಾತ್ರ ಬರೆದಿತ್ತು. ಅದೇಕೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಟ್ಟೆಯ ಉಪಚಾರವೆಂದು ಕಾಕು ತಿಳಿದಿದ್ದರು.

ನಾನು ಶಾಸನಗಳನ್ನು ಓದಿ, ಓದಿಸಿ ಬದುಕಿದವನು. ಬರೆದದ್ದು ಏನು ಎನ್ನುವುದರ ಜೊತೆಗೆ ಯಾಕೆ ಬರೆದರು ಎಂಬುದನ್ನು ಕೇಳಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿದವನು. ಆ ದಿನ ಆ ಒಂದು ಸಾಲಿನ ಅರ್ಥವನ್ನು ಅವರ ಹೆಂಡತಿಗೂ ಮಕ್ಕಳಿಗೂ ಹೇಳಿದೆ. ಲೋಣಾವಳದ ಬೆಂಚಿನ ಗೆಳೆಯನ ಮಾತು ಹೇಳಿದೆ, ಖುಕ್ರಿಯ ಮಾತು ಹೇಳಿದೆ. ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗ ಹೇಳಿದ್ರ ನಾನೂ ಒಪ್ಪೊತ್ತು ಮಾಡತಿದ್ನಲ್ಲ” ಎಂದರು.

ಈಗ ಆ ಮನೆಯಲ್ಲಿ ಡಿಸೆಂಬರ್ 9ರಂದು ಎಲ್ಲರೂ ಒಪ್ಪೊತ್ತು. ನೋಟುಬುಕ್ಕಿನಲ್ಲಿ ಆ ಸಾಲನ್ನು ಕಿರಿಯ ಮಗಳು ಬರೆಯುತ್ತಾಳೆ.